ತಾಯಿಗಿಡ ತೋರಿಸಿ ಮಾರುವ ಅಕ್ಕ: ಒಂದು ತಾರಸಿ ನರ್ಸರಿಯ ಬಗ್ಗೆ

ಹೋದ ವರ್ಷ ಜನವರಿಯಲ್ಲಿ ನಮ್ಮ ಮನೆಗೆ ಒಂದು ರಟ್ಟಿನ ಡಬ್ಬಿ ಬಂತು. ಮೇಲೆ ಚಂದದ ಅಕ್ಷರದಲ್ಲಿ ‘ಹೆರಿಟೇಜ್ ಸಕ್ಯುಲೆಂಟ್ ಕಲೆಕ್ಷನ್’ ಅಂತ ಬರೆದಿತ್ತು. ಒಳಗೆ ಎಂಟು ಸಕ್ಯುಲೆಂಟ್, ಅಂದರೆ ಎಲೆಯಲ್ಲೋ ಕಾಂಡದಲ್ಲೋ ನೀರು ತುಂಬಿಟ್ಟುಕೊಳ್ಳುವ ಗಿಡ. ಆನ್‌ಲೈನ್‌ನಲ್ಲಿ 1,299 ರೂಪಾಯಿ ಕೊಟ್ಟು ತರಿಸಿದ್ದೆ. ಏಪ್ರಿಲ್ ಹೊತ್ತಿಗೆ ಎಂಟರಲ್ಲಿ ಉಳಿದದ್ದು ಎರಡು.

ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಬನಶಂಕರಿ ಕಡೆ ತಾರಸಿಯ ಮೇಲೆ ಗಿಡ ಬೆಳೆಸಿ ಮಾರುವ ಒಬ್ಬ ಅಕ್ಕನ ಪರಿಚಯ ಆಯಿತು. ಈ ಹದಿನಾಲ್ಕು ತಿಂಗಳಲ್ಲಿ ಅವರಿಂದ ಹನ್ನೊಂದು ಗಿಡ ತಂದಿದ್ದೇನೆ. ಹತ್ತು ಬದುಕಿವೆ. ಏಳು ಮರಿ ಹಾಕಿವೆ. ಅವರ ಅಂಗಡಿಗೆ ಬೋರ್ಡ್ ಇಲ್ಲ, ಹೆಸರೂ ಇಲ್ಲ. ಆದರೂ ಅದರ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ಸಕ್ಯುಲೆಂಟ್ ಆರಿಸುವುದು ಹೇಗೆ ಅಂತ ನನಗೆ ಗೊತ್ತಾದದ್ದು ಅಲ್ಲೇ.

ಮೊದಲು ಡಬ್ಬಿಯ ಕಥೆ ಮುಗಿಸಿಬಿಡುತ್ತೇನೆ. ಅದರಲ್ಲಿದ್ದ ಒಂದು ಪುಟ್ಟ ಕಳ್ಳಿಯ ನೆತ್ತಿಯ ಮೇಲೆ ಹಳದಿ ಹೂವಿತ್ತು. ಮೂರು ವಾರ ಆದರೂ ಬಾಡಲಿಲ್ಲ. ಹತ್ತಿರ ಹಿಡಿದು ನೋಡಿದರೆ ಒಣಹೂವನ್ನು ಬಿಸಿ ಗೋಂದಿನಿಂದ ಅಂಟಿಸಿದ್ದರು. ಬಿಡಿಸಲು ಹೋದಾಗ ಗಿಡದ ನೆತ್ತಿಯೇ ಕಿತ್ತು ಬಂತು. ಗಿಡ ಬೆಳೆಯುವುದು ಅಲ್ಲಿಂದಲೇ ಅಲ್ವಾ, ಅದು ಹೋದ ಮೇಲೆ ಇನ್ನೇನು ಉಳಿಯಿತು? ಇನ್ನೊಂದು ಮೂನ್ ಕ್ಯಾಕ್ಟಸ್. ಹಸಿರು ಕಾಂಡದ ಮೇಲೆ ಕೆಂಪು ಚೆಂಡು ಕೂತಿರುತ್ತದಲ್ಲ, ಅದು. ಆ ಕೆಂಪು ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ. ತನ್ನ ಊಟ ತಾನೇ ಮಾಡಿಕೊಳ್ಳಲು ಅದಕ್ಕೆ ಆಗದು. ಅದಕ್ಕೇ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡಕ್ಕೆ ಕಸಿ ಕಟ್ಟಿರುತ್ತಾರೆ. ಅದರ ಮರಿ ಕಿತ್ತು ಮಣ್ಣಿಗೆ ಇಟ್ಟರೆ ಬದುಕುವುದಿಲ್ಲ. ನೋಡಲು ಚಂದ, ನಿಜ. ಆದರೆ ಇದನ್ನು ಹೆರಿಟೇಜ್, ಅಂದರೆ ತಲೆಮಾರಿನ ಗಿಡ ಅಂತ ಮಾರುವುದು ತಪ್ಪು. ಮಿಕ್ಕವು ತೆಂಗಿನ ನಾರಿನ ಒದ್ದೆ ಕೋಕೋಪೀಟ್‌ನಲ್ಲಿ ಬುಡ ಕೊಳೆತು ಹೋದವು. ಉಳಿದದ್ದು ಒಂದು ಹಾವರ್ಥಿಯಾ, ಒಂದು ಜೇಡ್.

ಹಾಗಾದರೆ ತಲೆಮಾರಿನ ಗಿಡ ಅಂದರೆ ಯಾವುದು? ತರಕಾರಿಯಲ್ಲಾದರೆ ನಾಟಿ ಬೀಜ ಅಂತೀವಿ. ಬದನೆ, ಅವರೆ, ಸೌತೆಯ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತುತ್ತೇವೆ. ಸಕ್ಯುಲೆಂಟ್‌ನಲ್ಲಿ ಬೀಜದ ಮಾತು ಕಡಿಮೆ. ಇಲ್ಲಿ ಕೈಯಿಂದ ಕೈಗೆ ಹೋಗುವುದು ಗಿಡದ ತುಂಡು. ಒಂದು ಎಲೆ, ಒಂದು ಕೊಂಬೆ, ಬುಡದಿಂದ ಬಂದ ಒಂದು ಕಂದು.

ನಮ್ಮ ಮನೆಯಲ್ಲೇ ಅಂಥದ್ದೊಂದು ಇದೆ. 2009ರಲ್ಲಿ ಶಿರಸಿಯ ದೊಡ್ಡಮ್ಮ ಬ್ರಹ್ಮಕಮಲದ ಒಂದು ಎಲೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. “ಕೂಸೇ, ನೀರು ಜಾಸ್ತಿ ಹಾಕಡ” ಅಂತ ಒಂದೇ ಮಾತು ಹೇಳಿದ್ದರು. ಬಸ್ಸಿನಲ್ಲಿ ರಾತ್ರಿಯೆಲ್ಲ ಆ ಪೊಟ್ಟಣ ನನ್ನ ತೊಡೆಯ ಮೇಲೇ ಇತ್ತು. ಮೂರು ವರ್ಷಕ್ಕೆ ಮೊದಲ ಹೂ ಬಿಟ್ಟಿತು. ರಾತ್ರಿ ಒಂಬತ್ತರ ಮೇಲೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಹೋಯಿತು. ಮಧ್ಯರಾತ್ರಿಗೆ ಪೂರ್ತಿ ಅರಳಿ, ಬೆಳಿಗ್ಗೆ ಕಾಫಿ ಹೊತ್ತಿಗೆ ಜೋತುಬಿದ್ದಿತ್ತು. ಎದುರುಮನೆಯವರು, ಕೆಳಮನೆಯವರು, ಅವರ ಮಕ್ಕಳು ಎಲ್ಲ ಬಂದು ನೋಡಿದರು. ಅರಿಶಿನ ಕುಂಕುಮ ಇಟ್ಟು ಆರತಿಯನ್ನೂ ಮಾಡಿದೆವು.

ಹಿಮಾಲಯದಲ್ಲಿ ಬೆಳೆಯುವ ಬ್ರಹ್ಮಕಮಲ ಬೇರೆ ಗಿಡ. ನಮ್ಮ ಮನೆಗಳಲ್ಲಿ ಇರುವುದು ಮೆಕ್ಸಿಕೋ ಕಡೆಯಿಂದ ಬಂದ ಒಂದು ಕಳ್ಳಿ. ನಾವು ಎಲೆ ಅನ್ನುವುದು ಅದರ ಚಪ್ಪಟೆ ಕಾಂಡ. ಇದು ಗೊತ್ತಾದ ಮೇಲೂ ನನಗೆ ಆ ಗಿಡದ ಮೇಲಿನ ಅಕ್ಕರೆ ಒಂದಿಷ್ಟೂ ಕಡಿಮೆಯಾಗಿಲ್ಲ. ನಮ್ಮ ಬಾಲ್ಕನಿಯಲ್ಲಿರುವುದು ದೊಡ್ಡಮ್ಮನ ಗಿಡದ ಮಗಳೂ ಅಲ್ಲ. ತುಂಡಿನಿಂದ ಬೆಳೆದದ್ದಲ್ವಾ, ಅದು ಅದೇ ಗಿಡ. ದೊಡ್ಡಮ್ಮ ಈಗ ಇಲ್ಲ. ಅವರ ಮನೆಯ ಸೂರಿನ ಕೆಳಗೆ ಇದ್ದ ಗಿಡವೂ ಇಲ್ಲ. ಆದರೆ ಆ ಗಿಡ ಹನುಮಂತನಗರದ ಎರಡನೇ ಮಹಡಿಯಲ್ಲಿ ಇದೆ.

ಈಗ ಅಕ್ಕನ ತಾರಸಿಗೆ ಬರೋಣ.

ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರ ತನಕ ಮಾತ್ರ ತೆರೆದಿರುತ್ತದೆ. ಕಿರಿದಾದ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಅರ್ಧ ತಾರಸಿಗೆ ಹಸಿರು ನೆಟ್ ಕಟ್ಟಿದ್ದಾರೆ, ಇನ್ನರ್ಧ ಬಯಲು. ಸುತ್ತಲಿನ ಮೋಟುಗೋಡೆಯ ಉದ್ದಕ್ಕೂ ತಾಯಿಗಿಡಗಳು. ಕೆಲವು ಸಿಮೆಂಟ್ ಕುಂಡದಲ್ಲಿ, ಕೆಲವು ಹಳೇ ಎಣ್ಣೆ ಡಬ್ಬದಲ್ಲಿ. ಪ್ರತಿ ಕುಂಡದ ಮೇಲೂ ಬಿಳಿ ಪೇಂಟಿನಲ್ಲಿ ಒಂದು ನಂಬರ್. ಮಾರಾಟಕ್ಕಿಟ್ಟ ಸಣ್ಣ ಕುಂಡಗಳ ಮೇಲೂ ನಂಬರ್ ಇದೆ. 17 ಅಂತ ಬರೆದ ಮರಿ ಕೊಂಡರೆ 17ನೇ ತಾಯಿಯನ್ನು ಕಣ್ಣಾರೆ ನೋಡಬಹುದು. ಅದು ಎಷ್ಟು ದೊಡ್ಡದಾಗುತ್ತದೆ, ಎಷ್ಟು ಮರಿ ಹಾಕುತ್ತದೆ, ಬೆಂಗಳೂರಿನ ಬಿಸಿಲಿಗೆ ಯಾವ ಬಣ್ಣಕ್ಕೆ ತಿರುಗುತ್ತದೆ, ಎಲ್ಲ ಅಲ್ಲೇ ಕಾಣುತ್ತದೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ, ಬೆಂಗಳೂರಿನದೇ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಎಷ್ಟೋ ಸಲ ಸುತ್ತಿದ್ದೇನೆ. ಒಳ್ಳೇ ಗಿಡ ಅಲ್ಲಿಯೂ ಸಿಕ್ಕಿವೆ. ಆದರೆ ತಾಯಿಯನ್ನು ತೋರಿಸಿ ಮರಿ ಕೊಟ್ಟವರನ್ನು ನಾನು ನೋಡಿದ್ದು ಇಲ್ಲಿ ಮಾತ್ರ.

ಮೊದಲ ದಿನ ನಾನು ಗುಲಾಬಿ ಹೂವಿನ ಹಾಗೆ ಎಲೆ ಜೋಡಿಸಿಕೊಳ್ಳುವ ಎಚೆವೇರಿಯಾ ಅನ್ನುವ ಸಕ್ಯುಲೆಂಟ್‌ನಲ್ಲಿ ಅಂಗೈಗಿಂತ ದೊಡ್ಡದಾದ ಒಂದು ನೀಲಿ ಗಿಡ ತೋರಿಸಿ ಬೆಲೆ ಕೇಳಿದೆ. ಅವರು ಬೆಲೆ ಹೇಳಲಿಲ್ಲ.

“ನಿಮ್ಮ ಬಾಲ್ಕನಿ ಯಾವ ಕಡೆಗಿದೆ?”

“ಪೂರ್ವಕ್ಕಿದೆ ಅಕ್ಕ. ಹನ್ನೊಂದೂವರೆ ತನಕ ಬಿಸಿಲು ಬರುತ್ತೆ.”

“ಮಳೆ ನೀರು ಎರಚುತ್ತಾ?”

“ಗಾಳಿ ಇದ್ದರೆ ಎರಚುತ್ತೆ.”

“ಮನೇಲಿ ಚಿಕ್ಕ ಮಕ್ಕಳಿದ್ದಾರಾ? ನಾಯಿ, ಬೆಕ್ಕು?”

ಆರು ವರ್ಷದ ಮಗ ಇದ್ದಾನೆ ಅಂದೆ. ಹಾಗಾದರೆ ಯುಫೋರ್ಬಿಯಾ, ಅಡೇನಿಯಂ ಈಗ ಬೇಡ ಅಂದರು. ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಕಷ್ಟ. ಅಡೇನಿಯಂ ರಸವೂ ವಿಷ. ಆಮೇಲೆ ಆ ದೊಡ್ಡ ಗಿಡವನ್ನು ಪಕ್ಕಕ್ಕೆ ಸರಿಸಿ, ಅದೇ ಜಾತಿಯ ಇನ್ನೊಂದು ಕುಂಡ ಎತ್ತಿ ಕೊಟ್ಟರು. ಅದರಲ್ಲಿ ನಡುವಿನ ಗಿಡ ಚಿಕ್ಕದು, ಆದರೆ ಬುಡದ ಸುತ್ತ ನಾಲ್ಕು ಮರಿ ಇದ್ದವು.

“ದೊಡ್ಡದು ಒಂದೇ ಇದ್ದರೆ ಒಂದು ತಪ್ಪಿಗೆ ಎಲ್ಲಾ ಹೋಗುತ್ತೆ ಕಣಮ್ಮಾ. ಇದರಲ್ಲಿ ಒಂದು ಹೋದರೂ ನಾಲ್ಕು ಇರುತ್ತೆ.”

160 ರೂಪಾಯಿ ಕೊಟ್ಟು ತಂದೆ. ನನ್ನ ಲೆಕ್ಕದಲ್ಲಿ ಅದು ಆ ವರ್ಷ ನಾನು ಕೊಟ್ಟ ಹಣದಲ್ಲೆಲ್ಲ ಸಾರ್ಥಕವಾದದ್ದು.

ನಾನು ತಂದ ಆ ಕುಂಡದ ನಂಬರ್ 17, ಗಿಡ ಎಚೆವೇರಿಯಾ ಇಂಬ್ರಿಕೇಟಾ. ಫ್ರಾನ್ಸ್‌ನ ಮಾರ್ಸೇಲ್ಸ್ ಊರಿನ ಡೆಲ್ಯೂಯ್ ಎಂಬ ತೋಟಗಾರ 1870ರ ದಶಕದಲ್ಲಿ ಎರಡು ಮೆಕ್ಸಿಕನ್ ಗಿಡಗಳನ್ನು ಸೇರಿಸಿ ಮಾಡಿದ ತಳಿ. ಇಂಬ್ರಿಕೇಟಾ ಅಂದರೆ ಹಂಚು ಹೊದಿಸಿದ ಹಾಗೆ ಅಂತ ಅರ್ಥ. ಮಂಗಳೂರು ಹಂಚಿನ ಮಾಡು ನೆನಪು ಮಾಡಿಕೊಳ್ಳಿ, ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದಲ್ಲ, ಇದರ ಎಲೆಗಳೂ ಹಾಗೆಯೇ. ನೂರೈವತ್ತು ವರ್ಷದಿಂದ ಮರಿಯಿಂದ ಮರಿಗೆ ಬಂದ ಗಿಡ ಇದು. ಬೀಜದಿಂದ ಬೆಳೆಸಿದರೆ ಈ ತಳಿ ಹೀಗೇ ಬರುವುದಿಲ್ಲ. ಅಷ್ಟು ವರ್ಷದಲ್ಲಿ ಯಾರೋ ಒಬ್ಬರು ಪ್ರತಿ ಸಲ ಮರಿ ಬಿಡಿಸಿ ಇನ್ನೊಬ್ಬರಿಗೆ ಕೊಟ್ಟಿದ್ದಾರೆ. ಹಾಗಾಗಿ ಅದು ನಮ್ಮ ಬಾಲ್ಕನಿ ತನಕ ಬಂದಿದೆ.

ಅದರ ಎಲೆಯ ಮೇಲೆ ಬಿಳಿ ಬೂದಿಯಂಥ ಪುಡಿ ಇರುತ್ತದೆ. ಬೂದುಗುಂಬಳಕಾಯಿ ಮೇಲೆ ಇರುತ್ತದಲ್ಲ, ಥೇಟ್ ಅದೇ ರೀತಿ. ಬಿಸಿಲಿನಿಂದ ಗಿಡವನ್ನು ಕಾಯುವುದು ಆ ಪುಡಿ. ಒಮ್ಮೆ ಬೆರಳಿನಿಂದ ಒರೆಸಿದರೆ ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ. ನಮ್ಮ ಗಿಡದ ಒಂದು ಎಲೆಯ ಮೇಲೆ ಮಗನ ಹೆಬ್ಬೆರಳ ಗುರುತು ಈಗಲೂ ಇದೆ. ಅಂಗಡಿಯಲ್ಲಿ ಗಿಡದ ತುಂಬಾ ಬೆರಳ ಗುರುತು ಕಂಡರೆ ಅದನ್ನು ಬಹಳ ಜನ ಮುಟ್ಟಿದ್ದಾರೆ, ಇಲ್ಲವೇ ನೆತ್ತಿಯ ಮೇಲೆ ನೀರು ಹೊಯ್ದಿದ್ದಾರೆ ಅಂತ ತಿಳಿಯಿರಿ.

ಅಕ್ಕ ಎಲೆಯಿಂದ ಗಿಡ ಮಾಡುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕೆಳಗಿನ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಎಳೆಯದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಅಲ್ಲಾಡಿಸುತ್ತಾರೆ. ಟಿಕ್ ಅಂತ ಸಣ್ಣ ಸದ್ದು ಬರುತ್ತದೆ. ಎಲೆ ಕಾಂಡಕ್ಕೆ ಅಂಟಿದ ಬುಡದ ಸಮೇತ ಬಿಡಿಸಿಕೊಳ್ಳಬೇಕು. ಬುಡ ಅಲ್ಲೇ ಉಳಿದು ಅರ್ಧ ಎಲೆ ಕೈಗೆ ಬಂದರೆ ಅದರಿಂದ ಮರಿ ಬರುವುದಿಲ್ಲ. ಬಿಡಿಸಿದ ಎಲೆಗಳನ್ನು ಹಳೇ ಸ್ಟೀಲ್ ತಟ್ಟೆಯಲ್ಲಿ ಸುಮ್ನೆ ನೆರಳಲ್ಲಿ ಇಡುತ್ತಾರೆ. ಮಣ್ಣೂ ಇಲ್ಲ, ನೀರೂ ಇಲ್ಲ. ಎರಡು ಮೂರು ವಾರಕ್ಕೆ ಬುಡದಲ್ಲಿ ದಾರದ ಎಳೆಯಂಥ ಗುಲಾಬಿ ಬೇರು ಇಣುಕುತ್ತದೆ. ಅದರ ಪಕ್ಕದಲ್ಲೇ ಸಾಸಿವೆ ಕಾಳಿನಷ್ಟು ಒಂದು ಮರಿ. ಆಮೇಲೆ ತಾಯಿ ಎಲೆ ದಿನದಿಂದ ದಿನಕ್ಕೆ ಸುಕ್ಕಾಗುತ್ತದೆ. ತನ್ನ ನೀರನ್ನೆಲ್ಲ ಮರಿಗೆ ಕೊಟ್ಟು ಕೊನೆಗೆ ಕಾಗದದ ಹಾಗೆ ಒಣಗುತ್ತದೆ. ಆ ತಟ್ಟೆಯ ಮುಂದೆ ಅರ್ಧ ಗಂಟೆ ಕೂತಿದ್ದೆ ನಾನು.

ನಮ್ಮ ಊರಿನ ಹವೆಯ ಬಗ್ಗೆಯೂ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾತ್ರಿ ತಂಪು. ಸಕ್ಯುಲೆಂಟ್‌ಗೆ ಇದು ದೊಡ್ಡ ವಿಷಯ. ಬೇರೆ ಗಿಡಗಳು ಹಗಲಲ್ಲಿ ಉಸಿರುರಂಧ್ರ ತೆರೆದರೆ ಇವುಗಳಲ್ಲಿ ಹೆಚ್ಚಿನವು ನೀರು ಉಳಿಸಲು ರಾತ್ರಿ ತೆರೆಯುತ್ತವೆ. ರಾತ್ರಿಯೂ ಸೆಕೆ, ಗಾಳಿಯಲ್ಲಿ ಪಸೆ ಅಂದರೆ ಬೆಟ್ಟದ ಮೇಲಿನ ಎಚೆವೇರಿಯಾ ಸೋಲುತ್ತದೆ. ಮಂಗಳೂರಿನಲ್ಲಿರುವ ನನ್ನ ತಂಗಿ ಮೂರು ಸಲ ಎಚೆವೇರಿಯಾ ನೆಟ್ಟಳು, ಮೂರೂ ಸಲ ಮಳೆಗಾಲ ದಾಟಲಿಲ್ಲ. ಅವಳ ಮನೆಯಲ್ಲಿ ಸ್ನೇಕ್ ಪ್ಲಾಂಟ್, ಬ್ರಹ್ಮಕಮಲ, ಗ್ಯಾಸ್ಟೀರಿಯಾ ಸೊಗಸಾಗಿವೆ. ರಾಯಚೂರು, ಕಲಬುರಗಿ ಕಡೆಯವರಿಗೆ ಅಗೇವ್, ಲೋಳೆಸರ, ಅಡೇನಿಯಂ ಹೇಳಿ ಮಾಡಿಸಿದ ಗಿಡಗಳು. ಅದಕ್ಕೇ ಫೋಟೋ ನೋಡಿ ಆರಿಸಬೇಡಿ. ನಿಮ್ಮ ಊರಲ್ಲಿ, ನಿಮ್ಮ ಬೀದಿಯಲ್ಲಿ ಯಾರ ಮನೆಯ ಯಾವ ಗಿಡ ಐದಾರು ಮಳೆಗಾಲ ಕಂಡಿದೆ ಅಂತ ನೋಡಿ. ಅದರದ್ದೇ ಒಂದು ತುಂಡು ಕೇಳಿ.

ಮನೆಯೊಳಗೆ ಇಡಲು ಅಕ್ಕ ಕೊಡುವುದು ಹಾವರ್ಥಿಯಾ ಮತ್ತು ಗ್ಯಾಸ್ಟೀರಿಯಾ. ಕಿಟಕಿ ಬೆಳಕು ಅವಕ್ಕೆ ಸಾಕು. ಎಚೆವೇರಿಯಾ ಒಳಗೆ ಇಟ್ಟರೆ ಬೆಳಕು ಹುಡುಕಿಕೊಂಡು ಕತ್ತು ಉದ್ದ ಮಾಡುತ್ತದೆ. ಒಮ್ಮೆ ಹಾಗೆ ಉದ್ದವಾದದ್ದು ಮತ್ತೆ ಗಿಡ್ಡ ಆಗುವುದಿಲ್ಲ. ಟೀಪಾಯಿ ಮೇಲೆ ಎಚೆವೇರಿಯಾ ಇಡಬೇಕು ಅಂತ ಕೇಳಿ ಬಂದ ಒಬ್ಬರಿಗೆ ಅವರು ಗಿಡ ಕೊಡದೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಘೋಸ್ಟ್ ಪ್ಲಾಂಟ್ ಬಾಲ್ಕನಿಯ ಅಂಚಿಗೆ ಬಹಳ ಒಳ್ಳೆಯದು. ಅದರ ಸಸ್ಯಶಾಸ್ತ್ರದ ಹೆಸರಲ್ಲಿ ಪರಾಗ್ವೆ ಇದೆ, ತವರು ಮಾತ್ರ ಮೆಕ್ಸಿಕೋ. ಹೆಸರಿಟ್ಟವರು ತಪ್ಪು ತಿಳಿದಿದ್ದರು. ಹೊಸದಾಗಿ ಶುರು ಮಾಡುವವರು ಇದರಿಂದ ಶುರು ಮಾಡಿ. ಬಿದ್ದ ಎಲೆಯೂ ಗಿಡವಾಗುತ್ತದೆ.

ನೆಲದಲ್ಲಿ ನೆಡುವವರಿಗೆ ಅಗೇವ್ ಕೊಡುವಾಗ ಅವರು ಒಂದು ಮಾತು ಹೇಳುತ್ತಾರೆ. “ಇದು ಬಾಳೆ ಇದ್ದ ಹಾಗೆ. ಹೂ ಬಿಟ್ಟರೆ ತಾಯಿ ಹೋಗುತ್ತೆ, ಕಂದು ಉಳಿಯುತ್ತೆ. ಅಳಬೇಡಿ.” ಎಷ್ಟೋ ವರ್ಷ ಬೆಳೆದ ಮೇಲೆ ಒಂದೇ ಸಲ ಹೂ ಬಿಡುವ ಗಿಡ ಅದು. ಮುಂಚೆಯೇ ತಿಳಿದಿದ್ದರೆ ಕಂದು ಬಿಡಿಸಿ ಇಟ್ಟುಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಾರಸಿಯ ಹಿಂದಿನ ಮೂಲೆ. ಅಲ್ಲಿ ನಮ್ಮ ಅಜ್ಜಿಯರ ಕಾಲದ ಗಿಡಗಳಿವೆ. ಮಂಗರವಳ್ಳಿ, ಲೋಳೆಸರ, ದೊಡ್ಡಪತ್ರೆ, ಕಾಡುಬಸಳೆ. ಇವೂ ಸಕ್ಯುಲೆಂಟ್‌ಗಳೇ ಅಲ್ವಾ? ಕಾಂಡದಲ್ಲೋ ಎಲೆಯಲ್ಲೋ ನೀರು ತುಂಬಿಟ್ಟುಕೊಂಡು ಬೇಸಿಗೆ ಕಳೆಯುವ ಗಿಡಗಳೇ. ಕಾಡುಬಸಳೆಯ ಎಲೆಯನ್ನು ಶಾಲೆಯ ಪುಸ್ತಕದೊಳಗೆ ಇಟ್ಟು, ಅಂಚಿನಲ್ಲಿ ಮರಿ ಬಂತಾ ಅಂತ ದಿನಾ ತೆಗೆದು ನೋಡುತ್ತಿದ್ದೆವು. ಈಗ ನನ್ನ ಮಗನ ಕನ್ನಡ ಪಠ್ಯಪುಸ್ತಕದಲ್ಲಿ ಒಂದು ಎಲೆ ಇದೆ. ಲೋಳೆಸರವನ್ನು ಬೇರು ಮೇಲಾಗಿ ಬಾಗಿಲಿಗೆ ತೂಗುಹಾಕುವುದನ್ನು ನೀವೂ ನೋಡಿರುತ್ತೀರಿ. ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಮಂಗರವಳ್ಳಿಯ ನಾಲ್ಕು ಮೂಲೆಯ ಕಾಂಡದ ಎಳೆಯ ಗಿಣ್ಣು ಮುರಿದು, ನಾರು ತೆಗೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹಣ್ಣು ಜಾಸ್ತಿ ಹಾಕಿ ಚಟ್ನಿ ಮಾಡುತ್ತೇವೆ. ಸರಿಯಾಗಿ ಹುರಿಯದಿದ್ದರೆ ನಾಲಿಗೆ ತುರಿಸುತ್ತದೆ. ಇವು ಯಾವುದಕ್ಕೂ ಅಕ್ಕ 30 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ದೊಡ್ಡಪತ್ರೆಯ ಕೊಂಬೆಯನ್ನು ಕೇಳಿದವರಿಗೆಲ್ಲ ಸುಮ್ನೆ ಮುರಿದು ಕೊಡುತ್ತಾರೆ. ತಂಬುಳಿ ಮಾಡುವಷ್ಟು.

ಕೊರತೆಗಳೂ ಇವೆ, ಹೇಳಬೇಕು. ಕಳೆದ ಆಗಸ್ಟ್‌ನಲ್ಲಿ ತಂದ ಒಂದು ಸೀಡಮ್‌ಗೆ ಹಿಟ್ಟುತಿಗಣೆ ಇತ್ತು. ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ. ತರುವಾಗ ಕಾಣಲಿಲ್ಲ. ಹತ್ತು ದಿನದಲ್ಲಿ ಪಕ್ಕದ ಎರಡು ಕುಂಡಕ್ಕೆ ಹಬ್ಬಿತು. ಇಯರ್‌ಬಡ್‌ನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ಚುಕ್ಕೆ ಒರೆಸಿದೆ. ಆಮೇಲೆ ಬೇವಿನೆಣ್ಣೆ ಮತ್ತು ಸೋಪಿನ ನೀರನ್ನು ಸಂಜೆ ಹೊತ್ತು ಸಿಂಪಡಿಸಿದೆ. ಎರಡು ಕುಂಡ ಉಳಿದವು, ಸೀಡಮ್ ಹೋಯಿತು. ಹೇಳಿದಾಗ ಅಕ್ಕ ಬೇರೆ ಗಿಡ ಕೊಟ್ಟರು. ಆದರೂ ಮಾರುವ ಮುಂಚೆ ಅವರು ನೋಡಬೇಕಿತ್ತು. ಅಲ್ಲಿಂದ ಮೇಲೆ ನಾನು ಯಾರಿಂದ ತಂದ ಗಿಡವನ್ನಾದರೂ ಮೂರು ವಾರ ಬೇರೆಯಾಗಿ ಇಡುತ್ತೇನೆ. ಗಿಡದ ಸರಿಯಾದ ಹೆಸರು ಕುಂಡದ ಮೇಲೆ ಇರುವುದಿಲ್ಲ, ನಂಬರ್ ಮಾತ್ರ. ಬರೆದುಕೊಳ್ಳುವುದು ನಮ್ಮ ಕೆಲಸ. ಕೊರಿಯರ್ ಮಾಡುವುದಿಲ್ಲ. ಮಂಡಿ ನೋವಿದ್ದವರಿಗೆ ಆ ಮೆಟ್ಟಿಲು ನಿಜಕ್ಕೂ ಕಷ್ಟ.

ಮಣ್ಣನ್ನು ಅವರು ಕೆಜಿಗೆ 40 ರೂಪಾಯಿಯಂತೆ ಮಾರುತ್ತಾರೆ. ಅದು ಬೇಕಾಗಿಲ್ಲ, ಮನೆಯಲ್ಲೇ ಮಾಡಿಕೊಳ್ಳಬಹುದು ಅಂತ ಅವರೇ ಹೇಳಿಕೊಟ್ಟರು. ಒಂದು ಪಾಲು ಕೆಂಪು ಮಣ್ಣು, ಎರಡು ಪಾಲು ಸಣ್ಣ ಜಲ್ಲಿ ಮತ್ತು ಇಟ್ಟಿಗೆ ಚೂರು, ಅರ್ಧ ಪಾಲು ಎರೆಗೊಬ್ಬರ, ಒಂದು ಹಿಡಿ ಇದ್ದಿಲು. ಎಂ ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು, ತೊಳೆದು ಹಾಕಿ. ಅದರ ದೂಳು ಸಿಮೆಂಟಿನ ಹಾಗೆ ಗಟ್ಟಿ ಆಗುತ್ತದೆ. ನೀರು ಹೊಯ್ದರೆ ಹತ್ತು ಎಣಿಸುವುದರೊಳಗೆ ಕುಂಡದ ಕೆಳಗಿನ ತೂತಿನಿಂದ ಬರಬೇಕು. ಬರದಿದ್ದರೆ ಜಲ್ಲಿ ಇನ್ನೂ ಬೇಕು.

ಇನ್ನೊಂದು ವಿಷಯ ಮಾತ್ರ ಎಲ್ಲರೂ ಗಮನದಲ್ಲಿ ಇಡಬೇಕು. ಹಳೆಯ ಗಿಡ ಬೇಕು ಅಂತ ಕಾಡಿನಿಂದ ಕಿತ್ತ ಗಿಡ ಕೊಳ್ಳಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಕಲ್ಲುಗಳ ನಡುವೆ ಬೆಳೆಯುವ ಕೋನೋಫೈಟಮ್ ಎಂಬ ಪುಟಾಣಿ ಗಿಡಗಳನ್ನು ಕಳ್ಳರು ಲಕ್ಷಗಟ್ಟಲೆ ಕಿತ್ತು ಮಾರಿದ್ದಾರೆ. ಕೆಲವು ಜಾತಿಗಳು ಕಾಡಿನಲ್ಲಿ ಇಲ್ಲವೇ ಇಲ್ಲ ಅನ್ನುವ ಸ್ಥಿತಿಗೆ ಬಂದಿವೆ. ಮೈಮೇಲೆ ಗಾಯದ ಕಲೆ, ಸೊಟ್ಟ ಆಕಾರ, ಕತ್ತರಿಸಿದ ದಪ್ಪ ಬೇರು, ಹೊಸ ಕುಂಡ. ಇವೆಲ್ಲ ಒಟ್ಟಿಗೆ ಕಂಡರೆ ಅನುಮಾನ ಪಡಿ. ಇದರ ತಾಯಿ ಎಲ್ಲಿದೆ ಅಂತ ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ.

ಅಕ್ಕನ ಹತ್ತಿರ ಮಾರಾಟಕ್ಕಿಲ್ಲದ ಒಂದು ಕುಂಡವಿದೆ. ನಂಬರ್ 1. ಎತ್ತಿನ ನಾಲಿಗೆಯ ಹಾಗೆ ದಪ್ಪ, ಒರಟು ಎಲೆಯ ಗ್ಯಾಸ್ಟೀರಿಯಾ. ಚಿಕ್ಕಮಗಳೂರಿನ ಅಜ್ಜಿಯ ಮನೆಯಿಂದ ಬಂದದ್ದು. ಮರಿ ಕೊಡಿ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಇಲ್ಲ ಅಂದರು. ಹೋದ ಭಾನುವಾರ ಮಾತಿನ ನಡುವೆ ನಮ್ಮ ಬ್ರಹ್ಮಕಮಲದಲ್ಲಿ ಈ ವರ್ಷ ಐದು ಮೊಗ್ಗು ಇದೆ ಅಂದೆ. ಶಿರಸಿಯಿಂದ ಬಂದ ಗಿಡ ಅಂದೆ. ಅವರು ಕೈಯ ಮಣ್ಣು ಒರೆಸಿಕೊಂಡು, “ಅದರ ಒಂದು ಎಲೆ ತರ್ತೀರಾ?” ಅಂತ ಕೇಳಿದರು. ಒಂದನೇ ನಂಬರಿನ ಕುಂಡ ಎಳೆದು, ಬುಡದ ಮಣ್ಣು ಸರಿಸಿ, ಯಾವ ಮರಿಗೆ ಬೇರು ಬಂದಿದೆ ಅಂತ ನೋಡತೊಡಗಿದರು.

ಎಲೆ ನಿನ್ನೆ ಕತ್ತರಿಸಿದ್ದೇನೆ. ಗಾಯ ಒಣಗಲಿ ಅಂತ ಅಡುಗೆಮನೆಯ ಕಟ್ಟೆಯ ಮೇಲೆ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೇನೆ.